ಗಣಕದೊಳಗೊಂದು ಗಣಕ: ವೇಗವೆಲ್ಲಿ ಬೇಕು, ನಿಗಾ ಎಲ್ಲಿ ಬೇಕು?

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಅದಕ್ಕೂ ಮೊದಲು 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿ, 2020ರ ಜನವರಿಯಲ್ಲಿ ವಿಂಡೋಸ್ 7 ಇದೇ ದಾರಿ ಹಿಡಿದಿದ್ದವು. ಪ್ರತಿ ಬಾರಿಯೂ ಊರಿನ ಅಂಗಡಿ, ಮಂಡಿ, ಗಿರಣಿಗಳಲ್ಲಿ ಏಳುವ ಪ್ರಶ್ನೆ ಒಂದೇ: ಹೊಸ ಕಂಪ್ಯೂಟರ್ ಕೊಂಡರೆ ಹಳೆಯ ಲೆಕ್ಕದ ಗತಿಯೇನು?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವರ್ತಕರಿಗೆ ಮತ್ತು ಸಣ್ಣ ಉದ್ದಿಮೆದಾರರಿಗೆ ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಯಾವಾಗಲೋ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಬಿಲ್ಲಿಂಗ್ ತಂತ್ರಾಂಶ, ತೂಕದ ಸೇತುವೆಗೆ ಜೋಡಿಸಿದ ಹಳೆಯ ಪ್ರೋಗ್ರಾಂ, ಕಾರ್ಖಾನೆಯ ಯಂತ್ರದ ನಿಯಂತ್ರಕಕ್ಕೆ ಆದೇಶ ತುಂಬುವ ಸಾಧನ — ಇವೆಲ್ಲ ಹಳೆಯ ಕಂಪ್ಯೂಟರನ್ನೇ ನೆಚ್ಚಿಕೊಂಡಿರುತ್ತವೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ; 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು ನೇರವಾಗಿ ನಡೆಯವು. ಕಂಪ್ಯೂಟರಿನ ಪುಸ್ತಕ ಮೌಲ್ಯವೇನೋ ಸವಕಳಿಯಿಂದ ಬೇಗ ಕರಗಿಹೋಗುತ್ತದೆ. ಆದರೆ ಅದರೊಳಗಿನ ದತ್ತಾಂಶದ ಹೊಣೆ ಅಷ್ಟು ಬೇಗ ಕರಗದು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನಂತೆ ಆಯಾ ವರ್ಷದ ವಾರ್ಷಿಕ ವಿವರಣ ಪತ್ರ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಎಂಟು ಹಣಕಾಸು ವರ್ಷ. ಕಾಪಾಡುವುದೆಂದರೆ ತಟ್ಟೆಯಲ್ಲಿ ಬಿದ್ದಿರುವುದಲ್ಲ, ಕೇಳಿದಾಗ ತೆರೆದು ತೋರಿಸಲು ಬರುವಂತಿರುವುದು.

ಈ ಸಮಸ್ಯೆಗೆ ಪರಿಹಾರವು ಕಂಪ್ಯೂಟರ್ ವಿನ್ಯಾಸಕಾರರು ತಮ್ಮ ಕೆಲಸಕ್ಕಾಗಿ ಕಂಡುಕೊಂಡ ಒಂದು ಉಪಾಯದಲ್ಲಿ ಅಡಗಿದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಲ್ಪಿಸಿ ನಡೆಸುವುದು ಮತ್ತು ಆ ಕಲ್ಪಿತ ಯಂತ್ರಕ್ಕೆ ನಿಜ ಯಂತ್ರಾಂಶದ ವೇಗವನ್ನು ಎರವಲು ಕೊಡುವುದೇ ಆ ಉಪಾಯ. ಇದರ ಲಾಭವನ್ನೂ ಮಿತಿಯನ್ನೂ ವ್ಯಾಪಾರಿಗಳು ಅರಿತುಕೊಳ್ಳುವ ಕಾಲ ಬಂದಿದೆ.

ಅನುಕರಣೆಯ ಅಗತ್ಯ

ದುಬಾರಿಯಾದದ್ದನ್ನು ಕಟ್ಟುವ ಮೊದಲು ಅದರ ಪ್ರತಿರೂಪದ ಮೇಲೆ ಪ್ರಯೋಗ ಮಾಡುವುದು ಹಳೆಯ ವಿವೇಕ. ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಜಲಾಶಯ ಕಾಮಗಾರಿಗಳ ಕಿರುಮಾದರಿ ರಚಿಸಿ, ನೀರು ಹರಿಸಿ ನೋಡುವ ಪದ್ಧತಿ ಇದೆ. ಪ್ರೊಸೆಸರ್ ತಯಾರಕರಿಗೂ ಇದೇ ಅನಿವಾರ್ಯ. ಸಿಲಿಕಾನ್ ಬಿಲ್ಲೆಯ ಮೇಲೆ ಒಮ್ಮೆ ಅಚ್ಚಾದ ದೋಷವನ್ನು ಅಳಿಸಲಾಗದು. ಆದ್ದರಿಂದ ಇನ್ನೂ ಹುಟ್ಟದಿರುವ ಕಂಪ್ಯೂಟರನ್ನು ತಂತ್ರಾಂಶದ ರೂಪದಲ್ಲಿ ಮೊದಲೇ ರಚಿಸಿ, ಅದರಲ್ಲಿ ಆಪರೇಟಿಂಗ್ ಸಿಸ್ಟಂ ಸಹಿತ ಎಲ್ಲವನ್ನೂ ನಡೆಸಿ ಪರೀಕ್ಷಿಸುತ್ತಾರೆ. ಇದಕ್ಕೆ ಸಿಮ್ಯುಲೇಷನ್ ಅಥವಾ ಅನುಕರಣೆ ಎಂದು ಹೆಸರು.

ಇದು ದೂರದ ದೇಶದ ಸಂಗತಿಯೇನೂ ಅಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಸಂಸ್ಥೆ ಬಿಡುಗಡೆ ಮಾಡಿದ, ‘ಡನಿಂಗ್ಟನ್’ ಎಂಬ ಒಳಹೆಸರಿನ ಜಿಯಾನ್ 7400 ಸರಣಿಯ ಆರು ಕೋರ್‌ಗಳ ಪ್ರೊಸೆಸರ್ ಬೆಂಗಳೂರಿನ ಎಂಜಿನಿಯರುಗಳು ವಿನ್ಯಾಸಗೊಳಿಸಿದ್ದು. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳಿದ್ದ ಆ ಪ್ರೊಸೆಸರ್, ಒಂದೇ ಸರ್ವರ್‌ನಲ್ಲಿ ಹಲವು ವರ್ಚುಯಲ್ ಯಂತ್ರಗಳನ್ನು ನಡೆಸುವ ಕೆಲಸಕ್ಕೆ ಹೇಳಿ ಮಾಡಿಸಿದ್ದೆಂದೇ ಮಾರುಕಟ್ಟೆಗೆ ಬಂದಿತು. ಕಲ್ಪಿತ ಯಂತ್ರಗಳ ನೆರವಿನಿಂದ ನಿಜ ಯಂತ್ರ, ನಿಜ ಯಂತ್ರದ ನೆರವಿನಿಂದ ಮತ್ತಷ್ಟು ಕಲ್ಪಿತ ಯಂತ್ರಗಳು — ಹೀಗೆ ಈ ಉದ್ಯಮ ಬೆಳೆದಿದೆ.

ಆದರೆ ಅನುಕರಣೆಗೆ ಒಂದು ದೊಡ್ಡ ದೋಷವುಂಟು: ಅದು ಅತ್ಯಂತ ನಿಧಾನ. ಕಲ್ಪಿತ ಪ್ರೊಸೆಸರಿನ ಪ್ರತಿಯೊಂದು ಆದೇಶವನ್ನೂ ತಂತ್ರಾಂಶವು ಓದಿ, ಅರ್ಥಮಾಡಿಕೊಂಡು, ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಬರೆದುಕೊಳ್ಳಬೇಕು. ನಿಜ ಪ್ರೊಸೆಸರ್ ಸೆಕೆಂಡಿಗೆ 100 ಕೋಟಿಗೂ ಮಿಕ್ಕಿ ಆದೇಶಗಳನ್ನು ನಡೆಸಬಲ್ಲದು. ಸವಿವರವಾದ ಅನುಕರಣೆ ಸೆಕೆಂಡಿಗೆ ಲಕ್ಷದ ಆಸುಪಾಸಿನಲ್ಲಿ ತೆವಳುತ್ತದೆ. ಒಂದು ಸರಳ ಲೆಕ್ಕ ನೋಡಬಹುದು. ನಿಜ ಯಂತ್ರದಲ್ಲಿ ಒಂದು ನಿಮಿಷ ನಡೆಯುವ ಕೆಲಸವೆಂದರೆ 6,000 ಕೋಟಿ ಆದೇಶಗಳು. ಸೆಕೆಂಡಿಗೆ ಒಂದು ಲಕ್ಷದಂತೆ ಅದಕ್ಕೆ ಆರು ಲಕ್ಷ ಸೆಕೆಂಡು, ಅಂದರೆ ಹೆಚ್ಚುಕಡಿಮೆ ಏಳು ದಿನ. ಒಂದು ನಿಮಿಷದ ಕೆಲಸ ನೋಡಲು ಒಂದು ವಾರ ಕಾಯುವ ಉದ್ದಿಮೆ ನಡೆಯುವುದು ಹೇಗೆ?

ಯಂತ್ರಾಂಶದ ನೆರವು

ಇಲ್ಲಿ ಒದಗಿಬಂದದ್ದು ಯಂತ್ರಾಂಶ ಆಧಾರಿತ ವರ್ಚುಯಲೈಸೇಷನ್. ಇದನ್ನು ಮಂಡಿಯ ವ್ಯವಹಾರದ ಮಾತಿನಲ್ಲಿ ಹೀಗೆ ವಿವರಿಸಬಹುದು. ನಂಬಿಕೆಯ ಗುಮಾಸ್ತನೊಬ್ಬ ದಿನನಿತ್ಯದ ವಹಿವಾಟನ್ನು ತಾನೇ ನಡೆಸುತ್ತಾನೆ. ತಿಜೋರಿಯ ಕೀಲಿ ಬೇಕಾದಾಗ ಮಾತ್ರ ಯಜಮಾನನ ಬಳಿಗೆ ಬರುತ್ತಾನೆ. ಹಾಗೆಯೇ ಕಲ್ಪಿತ ಯಂತ್ರದ ಸಾಮಾನ್ಯ ಆದೇಶಗಳನ್ನು ನಿಜ ಪ್ರೊಸೆಸರ್ ನೇರವಾಗಿ, ತನ್ನ ಪೂರ್ಣ ವೇಗದಲ್ಲಿ ನಡೆಸುತ್ತದೆ. ಯಂತ್ರದ ಒಡೆತನಕ್ಕೆ ಸಂಬಂಧಿಸಿದ ಸೂಕ್ಷ್ಮ ಆದೇಶ ಬಂದಾಗ ಮಾತ್ರ ನಿಯಂತ್ರಣವು ಮೇಲ್ವಿಚಾರಕ ತಂತ್ರಾಂಶಕ್ಕೆ ಮರಳುತ್ತದೆ.

ಈ ವಿಚಾರ ಹೊಸದಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ವ್ಯವಸ್ಥೆಯನ್ನು ನೀಡಿತ್ತು. ಯಾವ ಯಂತ್ರವನ್ನು ಹೀಗೆ ನಡೆಸಲು ಬರುತ್ತದೆಂಬ ನಿಯಮಗಳನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು 1974ರಲ್ಲಿ ನಿರೂಪಿಸಿದರು. ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರ್ ಮಾತ್ರ ಬಹುಕಾಲ ಆ ನಿಯಮಗಳಿಗೆ ಹೊಂದಿರಲಿಲ್ಲ. 1999ರಲ್ಲಿ ವಿಎಂವೇರ್ ಸಂಸ್ಥೆ ತಂತ್ರಾಂಶದ ಚಾತುರ್ಯದಿಂದಲೇ ಅದನ್ನು ಸಾಧಿಸಿತು. 2005ರ ಕೊನೆಯಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರುಗಳಲ್ಲೇ ಈ ಸೌಲಭ್ಯ ಒದಗಿಸಿದವು. 2007ರ ಫೆಬ್ರವರಿಯಲ್ಲಿ ಲಿನಕ್ಸ್‌ನ 2.6.20 ಆವೃತ್ತಿಯೊಂದಿಗೆ ಕೆವಿಎಂ ಎಂಬ ಘಟಕ ಸೇರಿ, ಇದು ಉಚಿತವಾಗಿಯೂ ದೊರೆಯತೊಡಗಿತು.

ಇಲ್ಲೊಂದು ವ್ಯಾಪಾರೀ ಪಾಠವೂ ಇದೆ. ಮೊದಲ ಪೀಳಿಗೆಯ ಯಂತ್ರಾಂಶ ಸೌಲಭ್ಯವು ವಿಎಂವೇರ್‌ನ ಹಳೆಯ ತಂತ್ರಾಂಶ ವಿಧಾನಕ್ಕಿಂತ ಹಲವು ಕೆಲಸಗಳಲ್ಲಿ ನಿಧಾನವೇ ಆಗಿತ್ತೆಂದು ಆ ಸಂಸ್ಥೆಯ ಎಂಜಿನಿಯರುಗಳು 2006ರಲ್ಲಿ ಅಳೆದು ತೋರಿಸಿದರು. ಸ್ಮೃತಿ ವಿಳಾಸಗಳ ಅನುವಾದವನ್ನೂ ಯಂತ್ರಾಂಶವೇ ವಹಿಸಿಕೊಂಡ 2007–08ರ ಪ್ರೊಸೆಸರುಗಳಿಂದ ಪರಿಸ್ಥಿತಿ ಸುಧಾರಿಸಿತು. ಹೊಸದೆಂದ ಮಾತ್ರಕ್ಕೆ ಮೊದಲ ದಿನವೇ ಮೇಲಲ್ಲ. ಅಳೆದು ನೋಡಿದ ಮೇಲೆ ಕೊಳ್ಳುವುದೇ ಲೇಸು.

ಮೂಟೆಯಿಂದ ಹಿಡಿ ಅಡಿಕೆ

ಹಾಗಾದರೆ ಅನುಕರಣೆಯನ್ನೆಲ್ಲ ಹೀಗೆ ನೇರ ಯಂತ್ರಾಂಶದ ಮೇಲೆ ನಡೆಸಿದರೆ ಸಾಲದೇ? ಸಾಲದು. ನೇರವಾಗಿ ಓಡುವಾಗ ಕೆಲಸವೇನೋ ಮುಗಿಯುತ್ತದೆ, ಆದರೆ ಕಲ್ಪಿತ ಪ್ರೊಸೆಸರಿನಲ್ಲಿ ಎಲ್ಲಿ ಎಷ್ಟು ಹೊತ್ತು ವ್ಯಯವಾಗುತ್ತಿತ್ತೆಂಬ ಲೆಕ್ಕ ಸಿಗುವುದಿಲ್ಲ. ವೇಗ ದೊರೆತಲ್ಲಿ ವಿವರ ದೊರೆಯದು. ವಿವರ ದೊರೆತಲ್ಲಿ ವೇಗವಿಲ್ಲ.

ಈ ತೊಡಕನ್ನು ಬಿಡಿಸಿದ ಬಗೆ ಅಡಿಕೆ ವರ್ತಕರಿಗೆ ಚಿರಪರಿಚಿತ. ರಾಶಿಯಾಗಲಿ, ಚಾಲಿಯಾಗಲಿ, ಖರೀದಿದಾರನು ಪ್ರತಿಯೊಂದು ಅಡಿಕೆಯನ್ನೂ ಒಡೆದು ನೋಡುವುದಿಲ್ಲ. ಮೂಟೆಮೂಟೆಯಿಂದ ಒಂದೊಂದು ಹಿಡಿ ತೆಗೆದು, ಒಡೆದು, ಬಣ್ಣ ಮತ್ತು ಒಣಗಿದ ಹದ ಪರೀಕ್ಷಿಸಿ ಇಡೀ ಲಾಟಿಗೆ ಧಾರಣೆ ಕಟ್ಟುತ್ತಾನೆ. ಲೆಕ್ಕಪರಿಶೋಧಕರೂ ಎಲ್ಲ ವೋಚರುಗಳನ್ನು ತಿರುವಿಹಾಕುವುದಿಲ್ಲ. ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 530 ಮಾದರಿ ಆಯ್ಕೆಯ ಕ್ರಮವನ್ನೇ ವಿಧಿಸಿದೆ. ಕಂಪ್ಯೂಟರ್ ಅನುಕರಣೆಯಲ್ಲಿ ಇದೇ ತತ್ತ್ವವನ್ನು ಸಂಖ್ಯಾಶಾಸ್ತ್ರದ ಬಲದಿಂದ ಅಳವಡಿಸಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು; ‘ಸ್ಮಾರ್ಟ್ಸ್’ ಎಂಬ ಅವರ ವಿಧಾನ 2003ರಲ್ಲಿ ಪ್ರಕಟವಾಯಿತು. ದೀರ್ಘವಾದ ಕೆಲಸದ ಉದ್ದಕ್ಕೂ ನಿಯತ ಅಂತರದಲ್ಲಿ ಪುಟ್ಟಪುಟ್ಟ ತುಣುಕುಗಳನ್ನು ಮಾತ್ರ ಸವಿವರವಾಗಿ ಅಳೆದು, ಇಡೀ ಕೆಲಸದ ಬಗ್ಗೆ ಅಂದಾಜು ಕಟ್ಟುವುದು ಅದರ ಕ್ರಮ.

ಆದರೆ ಎರಡು ತುಣುಕುಗಳ ನಡುವಿನ ದಾರಿಯನ್ನು ಕ್ರಮಿಸಲೇಬೇಕು; ಅಲ್ಲಿಯೂ ತಂತ್ರಾಂಶದ ನಡಿಗೆಯೇ ಆದರೆ ಸಮಯ ಉಳಿಯುವುದು ಅಷ್ಟಕ್ಕಷ್ಟೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಸಂಶೋಧಕರು ಜೆಮ್5 ಎಂಬ ಮುಕ್ತ ಅನುಕರಣ ತಂತ್ರಾಂಶಕ್ಕೆ ಕೆವಿಎಂ ಜೋಡಿಸಿ ಈ ನಡುದಾರಿಯನ್ನು ನಿಜ ಯಂತ್ರದ ವೇಗಕ್ಕೆ ಸಮೀಪವಾಗಿ ದಾಟುವ ಕ್ರಮವನ್ನು 2015ರಲ್ಲಿ ಪ್ರಕಟಿಸಿದರು. ಅದೇ ದೇಶದಲ್ಲಿ 1998ರಲ್ಲಿ ಸ್ಥಾಪನೆಯಾದ ವರ್ಚುಟೆಕ್ ಸಂಸ್ಥೆಯ ಸಿಮಿಕ್ಸ್ ಎಂಬ ಅನುಕರಣ ತಂತ್ರಾಂಶವೂ ಇಂಟೆಲ್ ಪ್ರೊಸೆಸರಿನ ಈ ಸೌಲಭ್ಯವನ್ನು ಬಳಸಿಕೊಂಡಿತು. ಆ ಸಂಸ್ಥೆಯನ್ನು 2010ರಲ್ಲಿ ಇಂಟೆಲ್ ತಾನೇ ಕೊಂಡುಕೊಂಡಿತು.

ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, 6,000 ಕೋಟಿ ಆದೇಶಗಳ ಕೆಲಸದಲ್ಲಿ ಸಾವಿರ ಕಡೆ, ಪ್ರತಿ ಕಡೆ 30,000 ಆದೇಶಗಳನ್ನು ಸವಿವರವಾಗಿ ನೋಡಿದರೆ ಒಟ್ಟು ಮೂರು ಕೋಟಿ. ಅದಕ್ಕೆ ಹಿಡಿಯುವುದು 300 ಸೆಕೆಂಡು, ಅಂದರೆ ಐದು ನಿಮಿಷ. ನಡುದಾರಿಗೆ ಒಂದೆರಡು ನಿಮಿಷ. ಮಾದರಿಗಳ ಪೂರ್ವಸಿದ್ಧತೆಗೆ ಬೇಕಾದ ಸಮಯವನ್ನು ಕೂಡಿಸಿದರೂ ವಾರದ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ.

ಪೂರ್ವಸಿದ್ಧತೆ ಏಕೆಂಬುದನ್ನು ಲೆಕ್ಕ ಬರೆಯುವವರು ಸುಲಭವಾಗಿ ಗ್ರಹಿಸಬಲ್ಲರು. ಯಾವ ತಿಂಗಳ ಖಾತೆಯನ್ನು ಪರೀಕ್ಷಿಸಿದರೂ ಆರಂಭ ಶಿಲ್ಕು ಸರಿಯಿರಬೇಕು. ನೇರ ಯಂತ್ರಾಂಶದ ಮೇಲೆ ಓಡಿಬಂದ ಕೆಲಸವು ಕಲ್ಪಿತ ಪ್ರೊಸೆಸರಿನ ಕ್ಯಾಶ್ ಸ್ಮೃತಿಯಲ್ಲಿ ಏನಿರಬೇಕಿತ್ತೆಂಬುದನ್ನು ತುಂಬಿರುವುದಿಲ್ಲ. ಆದ್ದರಿಂದ ಪ್ರತಿ ಮಾದರಿಗೂ ಮೊದಲು ಸ್ವಲ್ಪ ದೂರ ನಿಧಾನವಾಗಿ ನಡೆದು ಆ ಶಿಲ್ಕನ್ನು ಸರಿಪಡಿಸಿಕೊಳ್ಳಬೇಕು. ಇದನ್ನು ಬಿಟ್ಟರೆ ಅಳತೆ ವೇಗವಾಗಿ ಸಿಗುತ್ತದೆ, ಆದರೆ ತಪ್ಪಾಗಿ ಸಿಗುತ್ತದೆ. ತೀರ್ಮಾನ ಅವಲಂಬಿಸದ ಕಡೆ ವೇಗ, ತೀರ್ಮಾನ ನಿಂತಿರುವ ಕಡೆ ನಿಗಾ — ಈ ವಿದ್ಯೆಯ ಸಾರವೆಲ್ಲ ಇಷ್ಟೇ.

ಮಲೆನಾಡಿನ ಅಂಗಡಿಗೆ ಇದರ ಫಲ

ಪ್ರೊಸೆಸರ್ ವಿನ್ಯಾಸ ಮಾಡುವ ಉದ್ದಿಮೆ ಸಾಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಇಲ್ಲದಿರಬಹುದು. ಆದರೆ ಅದೇ ಯಂತ್ರಾಂಶ ಸೌಲಭ್ಯ ಇಂದು ಅಂಗಡಿಯ ಸಾಧಾರಣ ಕಂಪ್ಯೂಟರಿನಲ್ಲೂ ಇದೆ. ಬಹುತೇಕ ಕಡೆ ಬಳಕೆಯಾಗದೆ ಕುಳಿತಿದೆ. ಅದರಿಂದ ಎರಡು ಸ್ಪಷ್ಟ ಪ್ರಯೋಜನಗಳಿವೆ.

ಮೊದಲನೆಯದು ಹಳೆಯ ಲೆಕ್ಕದ ರಕ್ಷಣೆ. ಹಳೆಯ ಕಂಪ್ಯೂಟರಿನ ತಟ್ಟೆಯಲ್ಲಿರುವುದನ್ನೆಲ್ಲ, ಅಂದರೆ ಆಪರೇಟಿಂಗ್ ಸಿಸ್ಟಂ, ತಂತ್ರಾಂಶ, ದತ್ತಾಂಶ ಎಲ್ಲವನ್ನೂ, ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುಯಲ್ ಯಂತ್ರವಾಗಿ ಇರಿಸಬಹುದು. ಹಾಗೆ ಇರಿಸಿದ ಇಡೀ ಯಂತ್ರವು ಕೆಲವೇ ಕಡತಗಳ ರೂಪದಲ್ಲಿರುತ್ತದೆ. ಬೇರೊಂದು ತಟ್ಟೆಗೆ ನಕಲು ಮಾಡಿ ಕಪಾಟಿನಲ್ಲಿಡಬಹುದು. ಹುಲಿಕಲ್, ಆಗುಂಬೆಗಳ ಮಳೆಯನ್ನೂ ಸಿಡಿಲನ್ನೂ ಬಲ್ಲವರಿಗೆ ಇದರ ಬೆಲೆ ತಿಳಿಸಬೇಕಾಗಿಲ್ಲ. ಒಂದು ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ಕಪಾಟಿನ ನಕಲನ್ನು ಮತ್ತೊಂದು ಕಂಪ್ಯೂಟರಿಗೆ ಹಾಕಿ ಕೆಲಸ ಮುಂದುವರಿಸಬಹುದು. ಇಪ್ಪತ್ತು ವರ್ಷ ಹಳೆಯ ಬಿಡಿಭಾಗ ಹುಡುಕಿಕೊಂಡು ಅಲೆಯುವ ಅಗತ್ಯವಿಲ್ಲ.

ಎರಡನೆಯದು ತಾಲೀಮು. ನಾಟಕಕ್ಕಾಗಲಿ ಯಕ್ಷಗಾನಕ್ಕಾಗಲಿ ತಾಲೀಮು ಇಲ್ಲದೆ ಯಾರೂ ರಂಗಕ್ಕಿಳಿಯುವುದಿಲ್ಲ. ವ್ಯಾಪಾರದಲ್ಲಿ ಮಾತ್ರ ಹೊಸ ತಂತ್ರಾಂಶ ಬಂದ ದಿನವೇ ಚಾಲ್ತಿ ಲೆಕ್ಕದ ಮೇಲೆ ಅದನ್ನು ಏರಿಸುವ ರೂಢಿ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇಂಥ ಪ್ರತಿಯೊಂದು ಬದಲಾವಣೆಯ ಹೊಸ್ತಿಲಲ್ಲೂ ಲೆಕ್ಕದ ಪ್ರತಿಯೊಂದನ್ನು ವರ್ಚುಯಲ್ ಯಂತ್ರದಲ್ಲಿ ತೆರೆದು, ಒಂದು ತಿಂಗಳ ವಹಿವಾಟನ್ನು ಮಾದರಿಯಾಗಿ ನಡೆಸಿ, ತೆರಿಗೆಯ ಮೊತ್ತ ಹಳೆಯದರೊಂದಿಗೆ ತಾಳೆಯಾಗುವುದೇ ಎಂದು ನೋಡಬಹುದು. ಕೆಟ್ಟರೆ ಕೆಡುವುದು ಪ್ರತಿ ಮಾತ್ರ.

ಎಲ್ಲವನ್ನೂ ಅಂತರ್ಜಾಲದ ಕ್ಲೌಡ್ ಸೇವೆಗೆ ವರ್ಗಾಯಿಸಿದರೆ ಈ ತಾಪತ್ರಯವೇ ಬೇಡವೆಂಬ ವಾದವೂ ಇದೆ. ಕ್ಲೌಡ್ ಸೇವೆಗಳು ನಿಂತಿರುವುದೂ ಈ ವರ್ಚುಯಲೈಸೇಷನ್ ಮೇಲೆಯೇ. ಮಳೆಗಾಲದಲ್ಲಿ ಸಂಪರ್ಕ ಕಡಿಯುವ ಊರುಗಳಲ್ಲಿ ಲೆಕ್ಕದ ಒಂದು ಪ್ರತಿ ಅಂಗಡಿಯೊಳಗೇ ಇರುವುದು ಕ್ಷೇಮ. ಅಲ್ಲದೆ ಹಳೆಯ ತಂತ್ರಾಂಶದ ದತ್ತಾಂಶವನ್ನು ಯಾವ ಕ್ಲೌಡ್ ಸೇವೆಯೂ ತಾನಾಗಿ ಓದಿಕೊಡುವುದಿಲ್ಲ.

ಗಮನಿಸಬೇಕಾದ ಮಿತಿಗಳು

ಅತಿ ಮುಖ್ಯವಾದ ಮಿತಿ ಪ್ರೊಸೆಸರಿನ ಜಾತಿಗೆ ಸಂಬಂಧಿಸಿದ್ದು. ಒಳಗಿನ ಯಂತ್ರ ಮತ್ತು ಹೊರಗಿನ ಯಂತ್ರ ಒಂದೇ ಆದೇಶಭಾಷೆಯವಾದರೆ ಮಾತ್ರ ಯಂತ್ರಾಂಶದ ವೇಗ ದೊರೆಯುತ್ತದೆ. ಇಂಟೆಲ್, ಎಎಂಡಿ ಯಂತ್ರದ ಹಳೆಯ ವಿಂಡೋಸನ್ನು ಆರ್ಮ್ ಪ್ರೊಸೆಸರಿನ ಹೊಸ ಲ್ಯಾಪ್‌ಟಾಪಿನಲ್ಲಿ ನಡೆಸಹೊರಟರೆ ಮತ್ತೆ ದುಭಾಷಿಯ ನಡಿಗೆಯೇ ಗತಿ. ಇದೇ ಕಾರಣಕ್ಕೆ ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗಾ’ ಮುಂತಾದ ರಿಸ್ಕ್-ವಿ ಆಧಾರಿತ ಭಾರತೀಯ ಪ್ರೊಸೆಸರುಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ಅನುಕರಿಸುವಾಗ ಈ ನೆರವು ಸಿಗದು. ಹಳೆಯ ತಂತ್ರಾಂಶ ಉಳಿಸಿಕೊಳ್ಳಬೇಕಾದವರು ಹಗುರ, ಬ್ಯಾಟರಿ ಬಾಳಿಕೆ ಎಂಬ ಆಕರ್ಷಣೆಗಿಂತ ಮೊದಲು ಇದನ್ನು ವಿಚಾರಿಸಬೇಕು. ಕೊಂಡ ಕಂಪ್ಯೂಟರಿನಲ್ಲೂ ಕೆಲವೊಮ್ಮೆ ಬಯೋಸ್‌ನಲ್ಲಿ ಈ ಸೌಲಭ್ಯವನ್ನು ಮುಚ್ಚಿಟ್ಟಿರುತ್ತಾರೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರಿನ ವಿವರದ ಕೆಳಗೆ ಅದು ತೆರೆದಿದೆಯೇ ಎಂಬುದು ಕಾಣುತ್ತದೆ.

ಎರಡನೆಯದು ಪರವಾನಗಿ. ವರ್ಚುಯಲ್‌ಬಾಕ್ಸ್‌ನ ಮೂಲ ತಂತ್ರಾಂಶ ಮತ್ತು ಲಿನಕ್ಸ್‌ನ ಕೆವಿಎಂ ಉಚಿತ. ಹೈಪರ್-ವಿ ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಸೇರಿಯೇ ಇರುತ್ತದೆ. ಆದರೆ ಒಳಗೆ ನಡೆಯುವ ವಿಂಡೋಸ್‌ಗೂ ಲೆಕ್ಕದ ತಂತ್ರಾಂಶಕ್ಕೂ ಕ್ರಮಬದ್ಧ ಪರವಾನಗಿ ಬೇಕೇ ಬೇಕು. ಒಬ್ಬನೇ ಮಾರಾಟಗಾರನನ್ನು ನೆಚ್ಚಿಕೊಳ್ಳುವುದೂ ಅಪಾಯ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರನ್ನು ಕೊಂಡ ಬಳಿಕ ಶಾಶ್ವತ ಪರವಾನಗಿಯ ಮಾರಾಟ ನಿಂತು, ಚಂದಾ ಪದ್ಧತಿ ಬಂದದ್ದು ದೊಡ್ಡ ಕಂಪನಿಗಳನ್ನೂ ಚಿಂತೆಗೀಡುಮಾಡಿತು.

ಮೂರನೆಯದು ಸುರಕ್ಷತೆ. ವಿಂಡೋಸ್ ಎಕ್ಸ್‌ಪಿಯನ್ನು ಹೊಸ ಯಂತ್ರದೊಳಗಿಟ್ಟ ಮಾತ್ರಕ್ಕೆ ಅದರ ದೌರ್ಬಲ್ಯ ಮಾಯವಾಗದು. ಅಂಥ ವರ್ಚುಯಲ್ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಕೊಡಲೇಬಾರದು. ಹಳೆಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ತಂತ್ರಾಂಶದ ಬೀಗ, ತೂಕದ ಯಂತ್ರದ ಸೀರಿಯಲ್ ಸಂಪರ್ಕ ಇವು ಒಳಗಿನ ಯಂತ್ರಕ್ಕೆ ಕಾಣುವುದೇ ಎಂಬುದನ್ನು ಹಳೆಯ ಕಂಪ್ಯೂಟರ್ ವಿಲೇವಾರಿ ಮಾಡುವ ಮೊದಲೇ ಪರೀಕ್ಷಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ವರ್ಚುಯಲ್ ಯಂತ್ರದ ಸ್ಥಿತಿಯನ್ನು ಒಂದು ಕ್ಷಣದಲ್ಲಿ ಹಿಡಿದಿಟ್ಟು, ಬೇಕೆಂದಾಗ ಅದೇ ಕ್ಷಣಕ್ಕೆ ಮರಳುವ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆ. ತಾಲೀಮಿಗೆ ಅದು ವರ. ಚಾಲ್ತಿ ಲೆಕ್ಕಕ್ಕೆ ಶಾಪ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗಬೇಕು, ಆ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಚಾಲ್ತಿ ಪುಸ್ತಕವನ್ನು ಸ್ನ್ಯಾಪ್‌ಶಾಟ್ ಮೂಲಕ ನಿನ್ನೆಗೆ ಹಿಂದಿರುಗಿಸಿದರೆ ಇಂದಿನ ನಮೂದುಗಳ ಜೊತೆಗೆ ಅವುಗಳ ಜಾಡೂ ಅಳಿದುಹೋಗುತ್ತದೆ. ಬಿಲ್ಲಿನ ಕ್ರಮಸಂಖ್ಯೆಗಳು ಎರಡೆರಡು ಬಾರಿ ಹುಟ್ಟುತ್ತವೆ. ದುರುದ್ದೇಶ ಇಲ್ಲದಿದ್ದರೂ ಅದನ್ನು ಸಾಬೀತುಪಡಿಸುವುದು ಕಷ್ಟ. ತಾಲೀಮು ಯಂತ್ರದಿಂದ ನಿಜವಾದ ಇ-ಇನ್‌ವಾಯ್ಸ್ ಪೋರ್ಟಲಿಗೆ ಬಿಲ್ಲು ಹೋಗದಂತೆಯೂ ನೋಡಿಕೊಳ್ಳಬೇಕು.

ಸಂಘದ ಮಟ್ಟದಲ್ಲಿ ಆಗಬೇಕಾದುದು

ಒಬ್ಬೊಬ್ಬ ಸಣ್ಣ ವರ್ತಕನೂ ಇದನ್ನೆಲ್ಲ ಸ್ವತಃ ಕಲಿತು ಮಾಡಬೇಕೆನ್ನುವುದು ವ್ಯವಹಾರ್ಯವಲ್ಲ. ಆದ್ದರಿಂದ ಇದು ವಾಣಿಜ್ಯ ಸಂಘಗಳು ಕೈಗೊಳ್ಳಬೇಕಾದ ಕೆಲಸ. ಮೂರು ತಾಲ್ಲೂಕು ಕೇಂದ್ರಗಳಲ್ಲೂ ಒಂದೊಂದು ‘ತಾಲೀಮು ಯಂತ್ರ’ ಇರಿಸುವುದು ಸಾಧ್ಯ. ಹದಿನಾರು ಜಿಬಿ ಸ್ಮೃತಿಯ ಒಂದು ಸಾಧಾರಣ ಕಂಪ್ಯೂಟರ್, ಉಚಿತ ವರ್ಚುಯಲೈಸೇಷನ್ ತಂತ್ರಾಂಶ, ಎರಡು ಬಾಹ್ಯ ತಟ್ಟೆಗಳು ಇಷ್ಟು ಸಾಕು. ಶಿವಮೊಗ್ಗದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇದೊಂದು ಉಪಯುಕ್ತ ಪ್ರಾಯೋಗಿಕ ಕೆಲಸವೂ ಆದೀತು. ಸದಸ್ಯರ ಹಳೆಯ ತಟ್ಟೆಯನ್ನು ವರ್ಚುಯಲ್ ಯಂತ್ರವಾಗಿ ಪರಿವರ್ತಿಸಿಕೊಡುವುದು, ಹೊಸ ತಂತ್ರಾಂಶ ಅಳವಡಿಸುವ ಮುನ್ನ ಅದರ ಮೇಲೆ ತಾಲೀಮು ನಡೆಸಲು ಅವಕಾಶ ನೀಡುವುದು ಇದರ ಕಾರ್ಯವಾಗಬೇಕು. ದತ್ತಾಂಶದ ಗೋಪ್ಯತೆ ಮೊದಲ ನಿಬಂಧನೆಯಾಗಿರಬೇಕು: ಪ್ರತಿಯೊಬ್ಬ ಸದಸ್ಯನ ಕಡತವೂ ಅವನದೇ ತಟ್ಟೆಯಲ್ಲಿ, ಅವನ ಸಮಕ್ಷಮದಲ್ಲಿ ಇರಬೇಕು, ಸಂಘದ ಯಂತ್ರದಲ್ಲಿ ಯಾವ ಪ್ರತಿಯೂ ಉಳಿಯಕೂಡದು.

ಹಣಕಾಸು ವರ್ಷದ ಕೊನೆಯ ವಾರದಲ್ಲಿ ಆರಂಭಿಸುವ ಕೆಲಸ ಇದಲ್ಲ. ಅಡಿಕೆಯ ಸುಗ್ಗಿ ಮುಗಿದು ಮಂಡಿಯಲ್ಲಿ ಬಿಡುವಿರುವ ಮಳೆಗಾಲದ ತಿಂಗಳುಗಳೇ ಇದಕ್ಕೆ ತಕ್ಕ ಸಮಯ. ಹಳೆಯ ಕಂಪ್ಯೂಟರುಗಳು ಇನ್ನೂ ಉಸಿರಾಡುತ್ತಿರುವಾಗಲೇ ಅವುಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕು; ನಿಂತುಹೋದ ಮೇಲೆ ತೆಗೆಯಲು ಏನೂ ಉಳಿದಿರುವುದಿಲ್ಲ. ಸಂಘದ ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಈ ಪ್ರಸ್ತಾವಕ್ಕೆ ಸ್ಥಾನ ದೊರೆಯುವುದು ಅಪೇಕ್ಷಣೀಯ.